ಬಾಳಿಕೆ ಬರೋದು ಯಾವುದು: ರೀಲ್ ಕ್ಯಾಮೆರಾನೋ, ಡಿಜಿಟಲ್ಲೋ?

ಕ್ಯಾಮೆರಾ ಕೊಳ್ಳುವುದನ್ನು ಈಗ ಯಾರೂ ಖರ್ಚು ಅನ್ನೋದಿಲ್ಲ, 'ಇನ್ವೆಸ್ಟ್‌ಮೆಂಟ್' ಅನ್ನುತ್ತಾರೆ. ಸೈಟು ಇನ್ವೆಸ್ಟ್‌ಮೆಂಟು, ಚಿನ್ನ ಇನ್ವೆಸ್ಟ್‌ಮೆಂಟು, ಈಗ ಕ್ಯಾಮೆರಾನೂ ಇನ್ವೆಸ್ಟ್‌ಮೆಂಟು. ಚಿನ್ನ ಅಡವಿಟ್ಟರೆ ಬ್ಯಾಂಕಿನಲ್ಲಿ ಸಾಲ ಸಿಗುತ್ತೆ. ಕ್ಯಾಮೆರಾ ಅಡವಿಡೋಕೆ ಹೋಗಿ ನೋಡಿ, ಮ್ಯಾನೇಜರು ನಿಮ್ಮ ಕೈಲಿ ತಮ್ಮದೊಂದು ಫೋಟೋ ತೆಗೆಸಿಕೊಂಡು ವಾಪಸ್ ಕಳಿಸುತ್ತಾರೆ ಅಷ್ಟೆ!

ಇದನ್ನು ಬರೆಯೋಕೆ ಕಾರಣ ನಮ್ಮ ಅಕ್ಕನ ಮಗ. ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು, ಅರವತ್ತು ಸಾವಿರ ಕೂಡಿಟ್ಟಿದ್ದಾನೆ. ಅವನ ವಾದ ಹೀಗಿದೆ: "ಮಾಮ, ಡಿಜಿಟಲ್ ಕ್ಯಾಮೆರಾ ಐದು ವರ್ಷಕ್ಕೆ ಹಳೇದಾಗುತ್ತೆ. ಹಳೇ ರೀಲ್ ಕ್ಯಾಮೆರಾಗಳು ಐವತ್ತು ವರ್ಷ ಆದ್ರೂ ಓಡ್ತಾ ಇವೆ. ಹಾಗಾದ್ರೆ ದುಡ್ಡು ಹಾಕಬೇಕಾದ್ದು ರೀಲ್ ಮೇಲೆ ಅಲ್ವಾ?" ಈ ಕಾಲದ ಹುಡುಗ ರೀಲ್ ಪರವಾಗಿ ವಾದ ಮಾಡೋದು ಕೇಳಿ ನನಗೆ ಖುಷಿಯೇ ಆಯ್ತು. ಅವನ ಮಾತಿನಲ್ಲಿ ಅರ್ಧ ನಿಜ ಇದೆ. ಆದರೆ ದುಡ್ಡು ಕಳೆಯೋಕೆ ಅರ್ಧ ನಿಜವೇ ಸಾಕು.

ಮೊದಲು ನಿಜವಾದ ಅರ್ಧ ನೋಡೋಣ. 1982ರಲ್ಲಿ ಬಂದ ನಿಕಾನ್ ಎಫ್ಎಂ2, 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ1000, ನಮ್ಮಲ್ಲಿ ಎಷ್ಟೋ ಜನ ಫೋಟೋಗ್ರಫಿ ಕಲಿತ ಯಾಷಿಕಾ ಎಫ್ಎಕ್ಸ್-3, ಇವೆಲ್ಲ ಹಲ್ಲುಚಕ್ರ, ಸ್ಪ್ರಿಂಗುಗಳ ಮೇಲೆ ನಡೆಯುವ ಯಂತ್ರಗಳು. ಬ್ಯಾಟರಿ ಬೇಕಾಗೋದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಬ್ಯಾಟರಿ ಸತ್ತರೂ ಶಟರ್ ಬೀಳುತ್ತೆ, ಫೋಟೋ ಬರುತ್ತೆ. ಬೆಳಕನ್ನು ಕಣ್ಣಳತೆಯಲ್ಲಿ ಅಂದಾಜು ಮಾಡೋಕೆ ಗೊತ್ತಿದ್ದರಾಯ್ತು. ಡಿಜಿಟಲ್ ಕ್ಯಾಮೆರಾ ಹಾಗಲ್ಲ. ಅದಕ್ಕೆ ಅದರದೇ ಆಕಾರದ ಬ್ಯಾಟರಿ ಬೇಕು, ಅದರದೇ ಚಾರ್ಜರ್ ಬೇಕು, ಅದಕ್ಕೆ ಒಪ್ಪುವ ಕಾರ್ಡು ಬೇಕು. 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಯವರು ಎಕ್ಸ್‌ಡಿ ಅಂತ ಒಂದು ಕಾರ್ಡು ತಂದರು. ಇವತ್ತು ಅಂಗಡಿಗೆ ಹೋಗಿ ಕೇಳಿದರೆ "ಎಸ್‌ಡಿ ಅಲ್ವಾ ಸಾರ್?" ಅಂತ ನಮ್ಮನ್ನೇ ತಿದ್ದುತ್ತಾರೆ. ಕ್ಯಾಮೆರಾ ಕೆಟ್ಟಿರೋದಿಲ್ಲ, ಅದರ ಜೊತೆಗಾರರು ಹೋಗಿರುತ್ತಾರೆ.

ಈಗ ಇನ್ನರ್ಧ. ಕ್ಯಾಮೆರಾ ಐವತ್ತು ವರ್ಷ ಬಾಳುತ್ತೆ ಸರಿ, ಅದರ ಹೊಟ್ಟೆಗೆ ಹಾಕೋ ರೀಲು? ಕೊಡಾಕ್ರೋಮ್ ಅನ್ನೋ ಸ್ಲೈಡ್ ಫಿಲ್ಮು 1935ರಲ್ಲಿ ಬಂದದ್ದು. 2009ರಲ್ಲಿ ಕೊಡಾಕ್ ಅದನ್ನು ನಿಲ್ಲಿಸ್ತೀವಿ ಅಂತ ಹೇಳಿತು. ಅದನ್ನು ತೊಳೆಯುವ ವಿಧಾನವೇ ಬೇರೆ ಇತ್ತು. ಜಗತ್ತಿನಲ್ಲಿ ಕೊನೆಗೆ ಉಳಿದಿದ್ದ ಒಂದೇ ಒಂದು ಲ್ಯಾಬು, ಅಮೆರಿಕದ ಕ್ಯಾನ್ಸಸ್‌ನಲ್ಲಿದ್ದದ್ದು, 2010ರ ಡಿಸೆಂಬರ್ ಕೊನೆಗೆ ಆ ಕೆಲಸ ನಿಲ್ಲಿಸಿತು. ಆಮೇಲೆ ತೊಳೆಯದೆ ಉಳಿದ ಕೊಡಾಕ್ರೋಮ್ ರೀಲಿನಿಂದ ಅದರ ಬಣ್ಣ ತೆಗೆಯೋ ಲ್ಯಾಬೇ ಇಲ್ಲದಾಯ್ತು. ಅಷ್ಟು ದೂರ ಯಾಕೆ, ಇಲ್ಲೇ ಪಕ್ಕದ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇತ್ತು. ಸರ್ಕಾರಿ ಕಾರ್ಖಾನೆ, 1960ರಲ್ಲಿ ಶುರುವಾದದ್ದು. 'ಇಂದು' ಹೆಸರಿನ ಅದರ ಕಪ್ಪು-ಬಿಳುಪು ರೀಲು, ಎಕ್ಸ್-ರೇ ಫಿಲ್ಮು ದೇಶಕ್ಕೆಲ್ಲ ಹೋಗ್ತಿತ್ತು. ಈಗ ಅದೂ ಮುಚ್ಚಿದೆ.

ಹಾಗಂತ ಫಿಲ್ಮು ಪೂರ್ತಿ ಸತ್ತಿಲ್ಲ. ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿ ಎದ್ದು ಬಂದು ಮತ್ತೆ ರೀಲು ಮಾಡ್ತಿದೆ. ಇಂಗ್ಲೆಂಡಿನ ಇಲ್ಫೋರ್ಡ್ ಕಪ್ಪು-ಬಿಳುಪು ಬಿಟ್ಟಿಲ್ಲ. 2024ರಲ್ಲಿ ಪೆಂಟಾಕ್ಸ್ 17 ಅಂತ ಹೊಸ ರೀಲ್ ಕ್ಯಾಮೆರಾನೇ ಬಂತು. ಅದು ಅರ್ಧ ಫ್ರೇಮಿನದು, ಮೂವತ್ತಾರರ ರೀಲಿನಲ್ಲಿ ಎಪ್ಪತ್ತೆರಡು ಫೋಟೋ. ಯಾಕೆ ಹಾಗೆ ಮಾಡಿದರು ಅಂದರೆ ರೀಲಿನ ಬೆಲೆ ನೋಡಿ, ಗೊತ್ತಾಗುತ್ತೆ.

ಲೆಕ್ಕ ಹಾಕೋಣ. ರೀಲು, ತೊಳೆಸೋದು, ಸ್ಕ್ಯಾನು, ಕೊರಿಯರ್ ಎಲ್ಲ ಸೇರಿ ಒಂದಕ್ಕೆ ಸಾವಿರದೈನೂರು ಅಂತ ಇಟ್ಟುಕೊಳ್ಳಿ (ನಿಮ್ಮೂರಿನ ದರ ಬೇರೆ ಇದ್ದರೆ ಅದನ್ನೇ ಹಾಕಿ). ಒಂದು ಕ್ಲಿಕ್ಕಿಗೆ ಸುಮಾರು ನಲವತ್ತೆರಡು ರೂಪಾಯಿ. ನಮ್ಮ ಹೋಟೆಲಿನಲ್ಲಿ ಕಾಫಿ ಕುಡಿದು ಚಿಲ್ಲರೆ ವಾಪಸ್ ಬರುತ್ತೆ. ತಿಂಗಳಿಗೆ ಎರಡು ರೀಲು ಅಂದರೆ ವರ್ಷಕ್ಕೆ ಮೂವತ್ತಾರು ಸಾವಿರ, ಐದು ವರ್ಷಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ. ಹತ್ತು ಸಾವಿರದ ಹಳೇ ಕ್ಯಾಮೆರಾ ಅಗ್ಗ ಅಂತ ತಂದವರ ಲೆಕ್ಕ ಇದು. ಕ್ಯಾಮೆರಾ ಬಾಳಿಕೆ ಬಂತು, ಜೇಬು ಬರಲಿಲ್ಲ!

ರಿಪೇರಿ ವಿಷಯ ಇನ್ನೊಂದು. ಹಳೇ ಕ್ಯಾಮೆರಾ ಬಿಚ್ಚಿ ಜೋಡಿಸೋ ಮೇಸ್ತ್ರಿಗಳು ಕಮ್ಮಿ ಆಗ್ತಿದ್ದಾರೆ. 1960-70ರ ದಶಕದ ಹಲವು ಕ್ಯಾಮೆರಾಗಳ ಮೀಟರಿಗೆ 1.35 ವೋಲ್ಟಿನ ಪಾದರಸದ ಸೆಲ್ಲು ಹಾಕಬೇಕಿತ್ತು. ಪಾದರಸ ವಿಷ ಅಂತ ಅವು ನಿಂತುಹೋದವು. ಈಗ ಸಿಗುವ 1.5 ವೋಲ್ಟಿನದನ್ನು ಹಾಕಿದರೆ ಮೀಟರು ತಪ್ಪು ತೋರಿಸುತ್ತೆ. ಐವತ್ತು ವರ್ಷ ಓಡುತ್ತೆ ಅನ್ನುವವರು ಈ ಸಣ್ಣಪುಟ್ಟದ್ದನ್ನೂ ಹೇಳಬೇಕು.

ಹಾಗಾದರೆ ಡಿಜಿಟಲ್ಲು ಐದು ವರ್ಷಕ್ಕೆ ಹಳೇದಾಗುತ್ತಾ? ಇದು ಅಂಗಡಿಯವರ ಮಾತು, ಕ್ಯಾಮೆರಾದ ಮಾತಲ್ಲ. 2003ರಲ್ಲಿ ಬಂದ ಕ್ಯಾನನ್ 300ಡಿ ತಗೊಳ್ಳಿ, ಸಾವಿರ ಡಾಲರಿಗಿಂತ ಕಮ್ಮಿ ಬೆಲೆಗೆ ಬಂದ ಮೊದಲ ಡಿಎಸ್ಎಲ್ಆರ್. ಆರು ಮೆಗಾಪಿಕ್ಸೆಲ್ಲು, ಅಂದರೆ ಅಡ್ಡಕ್ಕೆ 3072, ಎತ್ತರಕ್ಕೆ 2048 ಚುಕ್ಕೆ. ಎಂಟು-ಹನ್ನೆರಡು ಇಂಚಿನ ಪ್ರಿಂಟು ಹಾಕಿಸಿದರೆ ಇಂಚಿಗೆ 256 ಚುಕ್ಕೆ ಬೀಳುತ್ತೆ. ಗೋಡೆ ಮೇಲೆ ನೇತುಹಾಕಿದರೆ ಯಾರೂ ಹತ್ತಿರ ಹೋಗಿ ಚುಕ್ಕೆ ಎಣಿಸೋದಿಲ್ಲ. ಕತ್ತಲಲ್ಲಿ ಅದು ಒದ್ದಾಡುತ್ತೆ ನಿಜ, ಹಾರೋ ಹಕ್ಕಿ ಹಿಡಿಯೋದೂ ಕಷ್ಟ. ಆದರೆ ಬಿಸಿಲಲ್ಲಿ ಕೂತ ಅಜ್ಜಿಯ ಮುಖಕ್ಕೆ ಅದು ಇವತ್ತಿಗೂ ಸಾಕು. ಹಳೇದಾದದ್ದು ಕ್ಯಾಮೆರಾನೋ ನಮ್ಮ ಆಸೆನೋ, ಯೋಚನೆ ಮಾಡಿ.

ಬಾಡಿಗಿಂತ ಹೆಚ್ಚು ಬಾಳೋದು ಲೆನ್ಸು. ಅದಕ್ಕೂ ಒಂದು ಷರತ್ತಿದೆ. ಲೆನ್ಸು ಕೂರಿಸೋ ಬಾಯಿ, ಅದೇ 'ಮೌಂಟು', ಬದಲಾಗಬಾರದು. ನಿಕಾನ್‌ನವರು 1959ರಲ್ಲಿ ಎಫ್ ಮೌಂಟ್ ತಂದರು. ರೀಲು ಹೋಗಿ ಡಿಜಿಟಲ್ ಬಂದರೂ ಅದನ್ನೇ ಇಟ್ಟುಕೊಂಡರು. 2018ರಲ್ಲಿ ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದಾಗಲೂ ಅಡಾಪ್ಟರ್ ಕೊಟ್ಟರು. 1980ರ ದಶಕದ 50 ಎಂಎಂ ಲೆನ್ಸನ್ನು ಫೋಕಸ್ ಕೈಯಲ್ಲಿ ತಿರುಗಿಸಿಕೊಂಡು ಇವತ್ತಿನ ಬಾಡಿಯಲ್ಲಿ ಆರಾಮಾಗಿ ಬಳಸಬಹುದು. ಕ್ಯಾನನ್‌ನವರು 1987ರಲ್ಲಿ ಒಂದೇ ಏಟಿಗೆ ಮೌಂಟ್ ಬದಲಿಸಿದರು, ಹಳೇ ಎಫ್‌ಡಿ ಲೆನ್ಸುಗಳು ಹೊಸ ಬಾಡಿಗೆ ಕೂರದೇ ಹೋದವು. ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟಿತು, ಡಿಎಸ್ಎಲ್ಆರ್ ಭಾಗ ಸೋನಿ ಕೈಗೆ ಹೋಯ್ತು. ಹಾಗಾಗಿ ಕಂಪನಿ ನಂಬಿ 'ಲೈಫ್‌ಟೈಮ್' ಅನ್ನೋ ಮಾತು ಆಡೋದು ಬೇಡ. ಒಳ್ಳೇ ಲೆನ್ಸು ಎರಡು ಮೂರು ಬಾಡಿಗಳನ್ನು ದಾಟಿ ಬರುತ್ತೆ, ಅಷ್ಟು ಹೇಳಬಹುದು.

ಅದೂ ಎಚ್ಚರವಾಗಿ ಇಟ್ಟರೆ ಮಾತ್ರ. ಮಲೆನಾಡಲ್ಲಿ, ಕರಾವಳಿಯಲ್ಲಿ ಒಂದು ಮಳೆಗಾಲ ಬ್ಯಾಗಿನಲ್ಲೇ ಬಿಟ್ಟರೆ ಸಾಕು, ಲೆನ್ಸಿನೊಳಗೆ ಬೂಷ್ಟು ಬಲೆ ಹೆಣೆದಿರುತ್ತೆ. ಚರ್ಮದ ಚೀಲದಲ್ಲಿ ಇಡಲೇಬೇಡಿ, ಅದು ತೇವ ಹಿಡಿದಿಡುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಆಗಾಗ ಹೊರಗೆ ತೆಗೆದು ಬಳಸಿ. ಸುಮ್ಮನೆ ಇಟ್ಟ ಲೆನ್ಸು ಬೇಗ ಹಾಳಾಗುತ್ತೆ.

ಮದುವೆ ಫೋಟೋ ತೆಗೆಯೋರ ವಿಷಯ ಬೇರೆ. ಅವರಿಗೆ ಕ್ಯಾಮೆರಾ ಅಂದರೆ ರೈತನಿಗೆ ಟ್ರಾಕ್ಟರ್ ಇದ್ದ ಹಾಗೆ. ಇಷ್ಟು ದುಡಿಯಬೇಕು, ಇಷ್ಟು ವರ್ಷಕ್ಕೆ ಸವೆಯಬೇಕು, ಅಷ್ಟರಲ್ಲಿ ಸಾಲ ತೀರಬೇಕು. ಟ್ರಾಕ್ಟರು ಮೊಮ್ಮಕ್ಕಳ ಕಾಲಕ್ಕೂ ಇರಲಿ ಅಂತ ಯಾರೂ ಕೊಳ್ಳೋದಿಲ್ಲ. ಅವರಿಗೆ ಡಿಜಿಟಲ್ಲೇ, ಚರ್ಚೆ ಬೇಡ. ಆದರೆ ಸಂಬಳ ಉಳಿಸಿ ಕೊಳ್ಳೋ ನಮ್ಮಂಥವರಿಗೆ ಕ್ಯಾಮೆರಾ ದುಡಿದು ಕೊಡೋದಿಲ್ಲ. ನಮಗೆ ಅದರಿಂದ ಬರೋ ಲಾಭ ಒಂದೇ, ಫೋಟೋ.

ನಾನು ಹೇಳಬೇಕು ಅಂತಿದ್ದದ್ದು ಇದೇ. ಬಾಳಿಕೆ ಕೇಳಬೇಕಾದ್ದು ಕ್ಯಾಮೆರಾನ ಅಲ್ಲ, ಫೋಟೋನ. ನಮ್ಮ ಮನೆ ಗೋಡೆ ಮೇಲೆ ಅಜ್ಜ-ಅಜ್ಜಿಯ ಕಪ್ಪು-ಬಿಳುಪು ಫೋಟೋ ಇದೆ. ಅಜ್ಜ ಕುರ್ಚಿಯಲ್ಲಿ ಕೂತಿದ್ದಾರೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾರೆ, ಹಿಂದೆ ಬಣ್ಣ ಬಳಿದ ಪರದೆ. ಯಾವ ಕ್ಯಾಮೆರಾ, ಯಾವ ಲೆನ್ಸು, ಯಾರಿಗೂ ಗೊತ್ತಿಲ್ಲ. ಆ ಸ್ಟುಡಿಯೋನೂ ಈಗಿಲ್ಲ. ಫೋಟೋ ಮಾತ್ರ ಇದೆ.

ಅದಕ್ಕೆ ಹೋಲಿಸಿ, 2003ರಿಂದ 2010ರ ನಡುವಿನ ನಾಮಕರಣ, ಗೃಹಪ್ರವೇಶಗಳ ಫೋಟೋ ನಿಮ್ಮ ನೆಂಟರ ಮನೆಗಳಲ್ಲಿ ಕೇಳಿ ನೋಡಿ. "ಸಿ.ಡಿ. ಇದೆ" ಅಂತಾರೆ. ಕಂಪ್ಯೂಟರಿನಲ್ಲಿ ಸಿ.ಡಿ. ಹಾಕೋ ಜಾಗವೇ ಇರೋದಿಲ್ಲ. ಇದ್ದರೂ ಆ ಸಿ.ಡಿ. ತಿರುಗಿ ತಿರುಗಿ ಏನನ್ನೂ ತೋರಿಸದೇ ಹೊರಗೆ ಬರೋದೂ ಉಂಟು. ಅವರಪ್ಪನ ಮದುವೆ ಫೋಟೋ ಇದೆ, ಅವರ ಮಗುವಿನ ಮೊದಲ ವರ್ಷದ ಫೋಟೋ ಇಲ್ಲ! ರೀಲಿನ ಪರ ಇರೋ ಅತ್ಯಂತ ಗಟ್ಟಿ ವಾದ ಇದೇ. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿರೋದು ಬೆಳ್ಳಿ. ಸರಿಯಾಗಿ ತೊಳೆದು ತಂಪಾಗಿ ಒಣಗಿದ ಜಾಗದಲ್ಲಿ ಇಟ್ಟರೆ ಅದು ನಮಗಿಂತ ಹೆಚ್ಚು ಬಾಳುತ್ತೆ, ನೋಡೋಕೆ ಬೆಳಕು ಸಾಕು. ಕಲರ್ ರೀಲಿಗೆ ಈ ಮಾತು ಅಷ್ಟು ಹೊಂದೋದಿಲ್ಲ, ಅದರ ಬಣ್ಣ ನಿಧಾನಕ್ಕೆ ಮಾಸುತ್ತೆ. 1980ರ ದಶಕದ ಆಲ್ಬಮ್ಮಿನಲ್ಲಿ ಎಲ್ಲರೂ ಕೆಂಪಗೆ ಕಾಣೋದು ಅದಕ್ಕೇ.

ಹಾಗಾಗಿ ಅಕ್ಕನ ಮಗನಿಗೆ ಹೇಳಿದ ಹಂಚಿಕೆಯನ್ನೇ ಇಲ್ಲಿ ಬರೆಯುತ್ತೇನೆ. ಅರವತ್ತು ಸಾವಿರದಲ್ಲಿ ಮೂವತ್ತೈದು ಮೀರದ ಹಾಗೆ ಒಂದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಬಾಡಿ, 35 ಅಥವಾ 50 ಎಂಎಂನ ಒಂದು ಒಳ್ಳೇ ಲೆನ್ಸು. ಹತ್ತು-ಹನ್ನೆರಡು ಸಾವಿರ ಎರಡು ಹಾರ್ಡ್ ಡಿಸ್ಕಿಗೆ. ಒಂದು ಅವನ ರೂಮಿನಲ್ಲಿ, ಇನ್ನೊಂದು ಊರಲ್ಲಿ ಅವರಮ್ಮನ ಬೀರುವಿನಲ್ಲಿ. ಉಳಿದದ್ದು ಬಸ್ ಚಾರ್ಜಿಗೆ ಮತ್ತು ಪ್ರಿಂಟಿಗೆ. ಸಾಲ, ಇಎಂಐ ಬೇಡವೇ ಬೇಡ. ಮನೆಯಲ್ಲಿ ಹಳೇ ರೀಲ್ ಕ್ಯಾಮೆರಾ ಇದ್ದರೆ ಮಾರಬೇಡಿ, ವರ್ಷಕ್ಕೆ ಒಂದೆರಡು ಕಪ್ಪು-ಬಿಳುಪು ರೀಲು ಹಾಕಿ ಮನೆಯವರದೇ ಫೋಟೋ ತೆಗೆಯಿರಿ. ಮೂವತ್ತಾರೇ ಇರೋದು ಅಂತ ಗೊತ್ತಿದ್ದಾಗ ಕಣ್ಣು ಹೆಚ್ಚು ನೋಡುತ್ತೆ. ಅದು ಖುಷಿಗೆ ಮಾಡೋ ಖರ್ಚು. ಖುಷಿಗೆ ಖರ್ಚು ಮಾಡೋದು ತಪ್ಪಲ್ಲ, ಅದನ್ನು ಇನ್ವೆಸ್ಟ್‌ಮೆಂಟ್ ಅಂದುಕೊಂಡರೆ ಕಷ್ಟ.

ರೀಲೋ ಡಿಜಿಟಲ್ಲೋ, ಯಾವುದನ್ನೇ ಕೊಂಡರೂ ಒಂದು ಕೆಲಸ ಮಾಡಿ. ವರ್ಷದ ಕೊನೆಗೆ ಫೋನಿನದ್ದೂ ಸೇರಿಸಿ ಇಪ್ಪತ್ತೈದು ಫೋಟೋ ಆರಿಸಿ, ಪ್ರಿಂಟು ಹಾಕಿಸಿ. ಒಂದು ಸಿನಿಮಾಗೆ ಮನೆಮಂದಿಯೆಲ್ಲ ಹೋಗಿ ಬಂದಷ್ಟು ಖರ್ಚೂ ಆಗೋದಿಲ್ಲ. ಹಿಂದುಗಡೆ ಯಾರು, ಯಾವ ಊರು, ಯಾವ ಇಸವಿ ಅಂತ ಬರೆದಿಡಿ. ಫೋಟೋ ಉಳಿದು ಹೆಸರು ಹೋದರೆ ಅದೂ ಅರ್ಧ ನಷ್ಟವೇ. ನಮ್ಮಜ್ಜಿಯ ಫೋಟೋ ಇರೋದು ಅಜ್ಜನ ಜೊತೆ. ಇನ್ನೊಂದರಲ್ಲಿ ಅವರ ಪಕ್ಕ ನಿಂತ ಇಬ್ಬರು ಹೆಂಗಸರಿದ್ದಾರೆ. ಅವರು ಯಾರು ಅಂತ ಹೇಳೋರು ನಮ್ಮ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ.