ಅಂಗಚಲನೆಯ ವಿದ್ಯೆ

ಕಳೆದ ತಿಂಗಳು ನಮ್ಮ ವಾಚಕರಲ್ಲೊಬ್ಬರಾದ ಗೃಹಸ್ಥರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗಳು ವಿಜ್ಞಾನವನ್ನೋದಿ ಪಿ.ಯು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕೆನಡಾ ದೇಶದ ಆಂಟೇರಿಯೋ ಪ್ರಾಂತದಲ್ಲಿ ‘ಕಿನೀಸಿಯಾಲಜಿ’ ಎಂಬ ಪದವಿಗೆ ಸೇರಬೇಕೆಂದು ಹಟ ಹಿಡಿದಿರುವಳಂತೆ. ಅಜ್ಜಿಯ ಸೊಂಟದ ಮೂಳೆ ಮುರಿದಾಗ ಫಿಜಿಯೋಥೆರಪಿಯವರು ಮನೆಗೆ ಬಂದು, ದಿನಕ್ಕೆ ನಾಲ್ಕು ಹೆಜ್ಜೆಯಂತೆ ಆಕೆಯನ್ನು ಮರಳಿ ನಡೆಯಿಸಿದುದನ್ನು ಕಂಡು ಹುಡುಗಿಗೆ ಈ ಆಸೆ ಹುಟ್ಟಿತಂತೆ. “ಅಡಕೆಯ ತೋಟದಲ್ಲಿ ಅರ್ಧವನ್ನು ಮಾರಿಯಾದರೂ ಕಳುಹಿಸೋಣವೆಂದಿದ್ದೇವೆ, ನಾಲ್ಕು ವರ್ಷದಲ್ಲಿ ಫಿಜಿಯೋಥೆರಪಿಸ್ಟ್ ಆಗಿ ಬರುವಳಲ್ಲವೆ?” ಎಂಬುದು ಅವರ ಪ್ರಶ್ನೆ. ತೋಟದ ಮಾತು ಬಂದಿರುವುದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಮೊದಲು ಹೆಸರಿನ ಅರ್ಥವನ್ನು ತಿಳಿಯೋಣ. ಗ್ರೀಕ್ ಭಾಷೆಯಲ್ಲಿ ‘ಕಿನೇಸಿಸ್’ ಎಂದರೆ ಚಲನೆ. ಮನುಷ್ಯನ ದೇಹವು ಹೇಗೆ ಚಲಿಸುವುದು, ಏಕೆ ದಣಿಯುವುದು, ಯಾವುದರಿಂದ ನೋಯುವುದು ಎಂಬುದನ್ನು ವಿಚಾರಿಸುವ ಶಾಸ್ತ್ರವಿದು. ಎಡಗಡೆಯ ಸೊಂಟದ ಮೇಲೆ ತುಂಬಿದ ಕೊಡವನ್ನಿಟ್ಟು ಬರುವ ಹೆಂಗಸು ತಾನರಿಯದೆಯೇ ಬಲಕ್ಕೆ ವಾಲಿ, ಬಲಗೈಯನ್ನು ಹೊರಚಾಚಿ ನಡೆಯುವಳಷ್ಟೆ? ಕೊಡದ ಭಾರದಿಂದ ಎಡಕ್ಕೆ ಸರಿದ ತೂಕದ ಮಧ್ಯವನ್ನು ಮತ್ತೆ ಪಾದಗಳ ಮೇಲಕ್ಕೆ ತಂದುಕೊಳ್ಳುವ ಉಪಾಯವದು. ನಮ್ಮ ಹಿತ್ತಲಲ್ಲಿ ನಿತ್ಯವೂ ನಡೆಯುವ ಇಂತಹ ಸಂಗತಿಗಳೇ ಈ ವಿದ್ಯೆಯ ಪಾಠಗಳು.

ಇದರ ಬೇರು ಹಳೆಯದು. ಸ್ನಾಯುಗಳೂ ಎಲುಬುಗಳೂ ಸನ್ನೆಗೋಲಿನಂತೆ ಕೆಲಸಮಾಡುವುವೆಂದು ಲೆಕ್ಕಹಾಕಿದ ಇಟಲಿಯ ಬೊರೆಲ್ಲಿ ಎಂಬ ಪಂಡಿತನ ಗ್ರಂಥವು, ಅವನು ತೀರಿಕೊಂಡ ಮೇಲೆ, ೧೬೮೦-೮೧ರಲ್ಲಿ ಅಚ್ಚಾಯಿತು. ಮೊಣಕೈಯನ್ನು ಮಡಿಸಿ ಅಂಗೈಯಲ್ಲಿ ೫ ಕಿಲೋ ಅಕ್ಕಿಯನ್ನು ಹಿಡಿದೆವೆನ್ನಿ. ಅಕ್ಕಿಯು ಮೊಣಕೈಯ ಕೀಲಿನಿಂದ ಸುಮಾರು ೩೫ ಸೆಂಟಿಮೀಟರು ದೂರದಲ್ಲಿರುವುದು. ಅದನ್ನೆತ್ತುವ ತೋಳಿನ ಸ್ನಾಯು ಕೀಲಿನಿಂದ ಸುಮಾರು ೫ ಸೆಂಟಿಮೀಟರಿನಲ್ಲಿಯೇ ಅಂಟಿಕೊಂಡಿರುವುದು. ಆದುದರಿಂದ, ಮುಂಗೈಯ ತೂಕವನ್ನು ಬಿಟ್ಟರೂ, ಸ್ನಾಯುವು ೩೫ ಕಿಲೋ ಭಾರಕ್ಕೆ ಸಮನಾಗಿ ಎಳೆಯಬೇಕಾಗುವುದು. ಭಾರವನ್ನು ಮೈಗೊತ್ತಿಕೊಂಡು ಎತ್ತಬೇಕೆಂದು ಹಿರಿಯರು ಹೇಳುವುದರ ಮರ್ಮವೂ ಇದೇ.

ಆಂಟೇರಿಯೋದ ವಾಟರ್ಲೂ ವಿಶ್ವವಿದ್ಯಾನಿಲಯವು ೧೯೬೭ರಲ್ಲಿ ಈ ವಿದ್ಯೆಗೆಂದೇ ಪ್ರತ್ಯೇಕ ವಿಭಾಗವನ್ನು ಸ್ಥಾಪಿಸಿತು. ಈಗ ಕೆನಡಾ, ಅಮೆರಿಕಗಳ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಇದು ನಾಲ್ಕು ವರ್ಷಗಳ ಪದವಿಯಾಗಿದೆ. ಅಂಗರಚನೆ, ಶರೀರಕ್ರಿಯೆ, ಭೌತಶಾಸ್ತ್ರ, ನರಗಳ ಆಳ್ವಿಕೆ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ ಇವೆಲ್ಲವನ್ನೂ ಓದಬೇಕು. ಪಾದವು ನೆಲವನ್ನೊತ್ತುವ ಬಲವನ್ನೂ ಸ್ನಾಯುವಿನ ವಿದ್ಯುತ್ತನ್ನೂ ಯಂತ್ರಗಳಿಂದ ಅಳೆಯಬೇಕು. ಆಟಪಾಟದ ಸುಲಭ ಪದವಿಯೆಂದೆಣಿಸುವವರು ಇದನ್ನು ಗಮನಿಸತಕ್ಕದ್ದು. ಹೀಗೆ ಕಲಿತವರು ಕಾರ್ಖಾನೆಗಳಲ್ಲಿ ಕೆಲಸಗಾರರ ಬೆನ್ನು ಕೆಡದಂತೆ ಮೇಜು ಮಣೆಗಳನ್ನು ಸರಿಪಡಿಸುವರು; ಹೃದ್ರೋಗದಿಂದ ಚೇತರಿಸಿಕೊಳ್ಳುವವರಿಗೆ ವ್ಯಾಯಾಮವನ್ನು ಕಲಿಸುವರು; ಕೆಲವರು ಸಂಶೋಧನೆಗೆ ಹೋಗುವರು.

ಇನ್ನು ಮುಖ್ಯವಾದ ಮಾತು. ಈ ಪದವಿಯೊಂದರಿಂದಲೇ ಯಾರೂ ಫಿಜಿಯೋಥೆರಪಿಸ್ಟ್ ಆಗಲಾರರು. ಕೆನಡಾದಲ್ಲಿ ಅದಕ್ಕೆ ಬೇರೆಯೇ ಆದ ಸ್ನಾತಕೋತ್ತರ ವ್ಯಾಸಂಗ ಬೇಕು. ಅಲ್ಲಿ ಸ್ಥಳಕ್ಕಾಗಿ ಪೈಪೋಟಿ ಬಹಳ. ಅಷ್ಟೇಕೆ, ಆಂಟೇರಿಯೋದಲ್ಲಿ ೨೦೦೭ರಲ್ಲಿ ರಚಿತವಾಗಿ ೨೦೧೩ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ಕಾನೂನಿನಂತೆ, ಪದವಿಯ ಮೇಲೆ ಪರೀಕ್ಷೆಯೊಂದನ್ನು ಕೊಟ್ಟು ಹೆಸರನ್ನು ನೊಂದಾಯಿಸಿದವರು ಮಾತ್ರವೇ ತಮ್ಮನ್ನು ‘ಕಿನೀಸಿಯಾಲಜಿಸ್ಟ್’ ಎಂದು ಕರೆದುಕೊಳ್ಳಬಹುದು. ನಮ್ಮ ದೇಶದಲ್ಲಾದರೋ ಪಿ.ಯು. ಆದ ಕೂಡಲೆ ಫಿಜಿಯೋಥೆರಪಿಯ ಪದವಿಗೇ ಸೇರಲು ಅವಕಾಶವಿದೆ. ಅಂಗಚಲನೆಯ ಶಾಸ್ತ್ರವು ಅದರೊಳಗೊಂದು ಪಾಠವಾಗಿರುವುದು. ಆಸ್ಪತ್ರೆಯಲ್ಲಿ ರೋಗಿಗಳ ಬಳಿ ತರಬೇತಿಯೂ ಉಂಟು.

ಹೆಸರಿನ ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇವೆ. ಚಾಚಿದ ತೋಳನ್ನೊತ್ತಿ ನೋಡಿ ದೇಹದ ರೋಗವನ್ನೆಲ್ಲ ಹೇಳುವೆವೆನ್ನುವ ‘ಅಪ್ಲೈಡ್ ಕಿನೀಸಿಯಾಲಜಿ’ ಎಂಬುದೊಂದು ೧೯೬೪ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಶಾಸ್ತ್ರೀಯ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ವಿಶ್ವವಿದ್ಯಾನಿಲಯದ ವಿದ್ಯೆಗೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ.

ಹೀಗಿರಲು ಆ ಗೃಹಸ್ಥರಿಗೆ ನಾವು ಹೇಳುವುದಿಷ್ಟು. ಮಗಳನ್ನು ಹತ್ತಿರ ಕೂರಿಸಿಕೊಂಡು, “ಅಜ್ಜಿಯಂತಹವರನ್ನು ನಡೆಯಿಸಬೇಕೆಂಬುದು ನಿನ್ನ ಆಸೆಯೋ, ಮನುಷ್ಯನು ನಡೆಯುವುದು ಹೇಗೆಂದು ತಿಳಿಯಬೇಕೆಂಬುದೋ?” ಎಂದು ಸಮಾಧಾನದಿಂದ ಕೇಳಿರಿ. ಮೊದಲನೆಯದಾದರೆ ನೇರವಾದ ದಾರಿಯು ಮನೆಯ ಸಮೀಪದಲ್ಲಿಯೇ ಇದೆ. ಸಾಗರವನ್ನು ದಾಟಿ ಬಳಸಿ ಬರಬೇಕಾಗಿಲ್ಲ. ಎರಡನೆಯದಾದರೆ ಆಕೆಯನ್ನು ತಡೆಯಬೇಡಿರಿ. ಅದು ಘನವಾದ ವಿದ್ಯೆ. ಆದರೆ ಹೊರದೇಶದ ವಿದ್ಯಾರ್ಥಿಗಳಿಗೆ ಶುಲ್ಕವು ಅಲ್ಲಿಯವರಿಗಿಂತ ಬಹಳ ಹೆಚ್ಚು. ಶುಲ್ಕವೆಷ್ಟು, ಪದವಿಯ ನಂತರದ ಪರೀಕ್ಷೆ ಯಾವುದು, ಮುಂದಿನ ವ್ಯಾಸಂಗಕ್ಕೆ ಖರ್ಚೆಷ್ಟು ಎಂಬುದನ್ನು ಮಗಳ ಕೈಯಿಂದಲೇ ಬರೆಯಿಸಿ, ಮನೆಯವರೆಲ್ಲರೂ ಕೂಡಿ ಓದಿರಿ. ಅಡಕೆಯ ಮರ ಫಲಕ್ಕೆ ಬರಲು ಎಷ್ಟು ವರ್ಷ ಕಾದಿರೆಂಬುದು ನಿಮಗೇ ಗೊತ್ತು. ಲೆಕ್ಕವು ಸರಿಹೋದ ಮೇಲೆ ತೋಟದ ಮಾತನ್ನಾಡಿದರೆ ಸಾಕು.