ಹೊಗೆಗೊಂದು ಕದ

ಹೊಗೆ ಕಂಡಲ್ಲಿ ಬೆಂಕಿಯುಂಟೆಂದು ಊಹಿಸಬೇಕೆಂಬುದು ನಮ್ಮ ತರ್ಕಶಾಸ್ತ್ರಿಗಳ ಹಳೆಯ ಪಾಠ. ಅದಕ್ಕೆ ಅವರು ಕೊಡುವ ದೃಷ್ಟಾಂತ ಅಡುಗೆಯ ಮನೆ. ಒಲೆಯ ನೆತ್ತಿಯ ಮೇಲೆ ಗವಾಕ್ಷಿಯಿದ್ದ ಕಾಲಕ್ಕೆ ಆ ಪಾಠ ಸರಿಯೆ. ಆದರೆ ಹವಾನಿಯಂತ್ರಿತ ಬಹುಮಹಡಿ ಕಟ್ಟಡಗಳ ಈ ದಿನಗಳಲ್ಲಿ ಬೆಂಕಿ ನೆಲಮಾಳಿಗೆಯಲ್ಲಿ. ಹೊಗೆ ಮೇಲಿನ ಅಂತಸ್ತಿನ ರೋಗಿಯ ತಲೆದಿಂಬಿನ ಬಳಿಯಲ್ಲಿ! ಪಾಪ, ತಾರ್ಕಿಕನೇನು ಮಾಡಿಯಾನು?

ಇದು ಉತ್ಪ್ರೇಕ್ಷೆಯಲ್ಲ. 2011ನೆಯ ಇಸವಿ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಎ.ಎಂ.ಆರ್.ಐ. ಆಸ್ಪತ್ರೆಯ ನೆಲಮಾಳಿಗೆಗೆ ಬೆಂಕಿ ಬಿದ್ದಿತು. ಗಾಳಿಯ ಕೊಳವೆಗಳನ್ನೇ ಏಣಿಯಾಗಿ ಮಾಡಿಕೊಂಡು ಹೊಗೆ ಮೇಲೇರಿತು. ಸುಮಾರು ತೊಂಬತ್ತು ಮಂದಿ ಮಡಿದರು. ಅವರಲ್ಲಿ ಬಹುಪಾಲು ರೋಗಿಗಳು. ಉಸಿರುಗಟ್ಟಿ ಸತ್ತವರೇ ಹೆಚ್ಚು. 1980ರ ನವೆಂಬರ್ 21ರಂದು ಅಮೆರಿಕದ ಲಾಸ್ ವೇಗಾಸಿನ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲಿನಲ್ಲಿಯೂ ಹೀಗೆಯೇ ಆಯಿತು. ಜ್ವಾಲೆ ಕೆಳಗಿನ ಅಂತಸ್ತುಗಳಲ್ಲೇ ಉಳಿಯಿತು; ಆದರೆ ಸತ್ತ 85 ಮಂದಿಯಲ್ಲಿ ಹೆಚ್ಚಿನವರು ಬೆಂಕಿಯ ಮುಖವನ್ನೇ ಕಾಣದ ಮೇಲ್ಮಹಡಿಯ ಅತಿಥಿಗಳು. ಮುಚ್ಚಿಕೊಳ್ಳಬೇಕಾಗಿದ್ದ ಡ್ಯಾಂಪರುಗಳು ಅಲ್ಲಿ ಮುಚ್ಚಿಕೊಂಡಿರಲಿಲ್ಲ.

ಈ ಡ್ಯಾಂಪರ್ ಎಂದರೇನು? ಬೆಂಕಿಯನ್ನು ಎರಡು ಗಂಟೆ ತಡೆಯಲೆಂದು ಲೆಕ್ಕ ಹಾಕಿ ಗೋಡೆ ಕಟ್ಟುತ್ತಾರೆ. ಅನಂತರ ಗಾಳಿಯ ಕೊಳವೆಗೆಂದು ಅದೇ ಗೋಡೆಯಲ್ಲಿ ಮೊಳದಗಲದ ಕಂಡಿ ಕೊರೆಯುತ್ತಾರೆ. ಆ ಕಂಡಿಯನ್ನು ಆಪತ್ಕಾಲದಲ್ಲಿ ಮತ್ತೆ ಗೋಡೆಯಾಗಿಸುವ ಕದವೇ ಫೈರ್ ಡ್ಯಾಂಪರ್. (ಕನ್ನಡದಲ್ಲಿ ಇದಕ್ಕೆ ಹೆಸರೇನೆಂದು ವಿದ್ಯಾರ್ಥಿಯೊಬ್ಬ ಕೇಳಿದಾಗ ‘ಅಗ್ನಿಕವಾಟ’ವೆಂದೆ. ಆತ ನಕ್ಕ, ಹೆಸರು ಅಲ್ಲಿಗೇ ನಿಂತಿತು.) ಉಕ್ಕಿನ ಚೌಕಟ್ಟಿನ ನೆತ್ತಿಯಲ್ಲಿ ಮಡಿಸಿಟ್ಟ ಪಟ್ಟಿಗಳು, ಅವನ್ನು ಹಿಡಿದಿರುವುದು ಬೆಸುಗೆಯ ಒಂದು ಪುಟ್ಟ ಕೊಂಡಿ. ಸುಮಾರು 72 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬೆಸುಗೆ ಕರಗಿ, ಅಂಗಡಿಯ ಷಟರಿನಂತೆ ಪಟ್ಟಿಗಳು ಇಳಿದು ಕಂಡಿಯನ್ನು ಮುಚ್ಚುತ್ತವೆ. ವಿದ್ಯುತ್ತೂ ಬೇಡ, ಕಾವಲುಗಾರನೂ ಬೇಡ.

ಇಷ್ಟು ಸರಳವಾದುದನ್ನು ಕೆಡಿಸುವ ಬಗೆಗಳಾದರೋ ಹಲವು. ಡ್ಯಾಂಪರ್ ಗೋಡೆಯ ದಪ್ಪದೊಳಗೇ ಕೂರಬೇಕು. ಅನುಕೂಲವೆಂದು ಅದನ್ನು ಗೋಡೆಯಿಂದ ಎರಡು ಅಡಿ ಈಚೆಗೆ, ಕೊಳವೆಯಲ್ಲೇ ತೂಗುಬಿಟ್ಟರೆ, ಬೆಂಕಿಯಲ್ಲಿ ತಗಡಿನ ಕೊಳವೆ ಕುಸಿಯುವಾಗ ಕದವೂ ಅದರೊಡನೆ ನೆಲಕ್ಕೆ ಬಿದ್ದು ಗೋಡೆಯ ಕಂಡಿ ಹಾಗೆಯೇ ಬಾಯ್ದೆರೆದಿರುತ್ತದೆ. ಆದುದರಿಂದಲೇ ಚೌಕಟ್ಟನ್ನು ಗೋಡೆಗೆ ನಿಲ್ಲಿಸಿ, ಕೊಳವೆ ಕುಸಿದರೆ ತಾನೇ ಕಳಚಿಕೊಳ್ಳುವಂತಹ ಬೆಸೆತವನ್ನು ಮಾಡಬೇಕು. ಕಾದ ಉಕ್ಕು ಹಿಗ್ಗುತ್ತದೆ. ತಯಾರಕರು ಸೂಚಿಸಿದ ಕಡೆ ಅದಕ್ಕೆ ಎಡೆ ಬಿಡದೆ ಬಿಗಿದರೆ ಚೌಕಟ್ಟು ಸೊಟ್ಟಗಾಗಿ ಪಟ್ಟಿಗಳು ನಡುವೆಯೇ ಸಿಕ್ಕಿಕೊಳ್ಳುತ್ತವೆ. ಗೋಡೆಗೆಂದು ಮಾಡಿದ್ದನ್ನು ತಾರಸಿಯ ಕಂಡಿಯಲ್ಲಿ ಅಡ್ಡ ಮಲಗಿಸಿದರೆ, ಸ್ಪ್ರಿಂಗಿಲ್ಲದ ಪಟ್ಟಿ ಇಳಿಯುವುದಾದರೂ ಎಲ್ಲಿಗೆ? ಪದೇ ಪದೇ ಬೀಳುತ್ತದೆಂದು ಬೇಸತ್ತು ತಂತಿಯಿಂದ ಕಟ್ಟಿಬಿಡುವ ಮಹನೀಯರ ವಿಷಯವನ್ನು ನಾನು ಹೇಳದಿರುವುದೇ ಲೇಸು.

ಇನ್ನೊಂದು ತೊಡಕುಂಟು. ದೂರ ಸಾಗಿ ತಣಿದ ಹೊಗೆ ಕೊಂಡಿಯನ್ನು ಕರಗಿಸದು, ಆದರೆ ಕೊಲ್ಲಬಲ್ಲುದು. ಆದಕಾರಣ ಜನರು ಮಲಗುವ ಆಸ್ಪತ್ರೆ, ಹೋಟೆಲುಗಳಲ್ಲಿ ಹೊಗೆಯ ಸುಳಿವು ಹಿಡಿಯುವ ಯಂತ್ರದ ಸನ್ನೆಗೆ ಮೋಟಾರಿನಿಂದ ಮುಚ್ಚುವ ಡ್ಯಾಂಪರು ಬೇಕು. ಜೊತೆಗೆ ಗಾಳಿ ನೂಕುವ ಫ್ಯಾನೂ ನಿಲ್ಲಬೇಕು.

ಅಮೆರಿಕದ ಎನ್.ಎಫ್.ಪಿ.ಎ. ನಿಯಮದಂತೆ ಕೂರಿಸಿದ ಒಂದು ವರ್ಷಕ್ಕೊಮ್ಮೆ, ಅನಂತರ ನಾಲ್ಕು ವರ್ಷಗಳಿಗೊಮ್ಮೆ, ಆಸ್ಪತ್ರೆಗಳಲ್ಲಿ ಆರು ವರ್ಷಗಳಿಗೊಮ್ಮೆ ಇವನ್ನು ಬೀಳಿಸಿ ನೋಡಬೇಕು. ಹಾಗೆ ನೋಡಲು ಕೊಳವೆಯ ಪಕ್ಕದಲ್ಲೊಂದು ಕಿರುಬಾಗಿಲು, ಅದರ ಕೆಳಗಿನ ತೋರಿಕೆಯ ಛಾವಣಿಯಲ್ಲೊಂದು ಮುಚ್ಚಳ ಇರಲೇಬೇಕು. ಆ ಮುಚ್ಚಳವು ಅಂದಗೆಡಿಸುತ್ತದೆಂದು ಅದನ್ನು ಬಿಡಿಸಿಬಿಡುವವರು ಬಹುಮಟ್ಟಿಗೆ ಮೇಸ್ತ್ರಿಗಳಲ್ಲ, ಮಾಲೀಕರು.