ಪ್ರವಾಸಕ್ಕೆ ಒಂದೇ ಕ್ಯಾಮರಾ ಸಾಲದೆ?

ಶಾಲಾ ಪ್ರವಾಸಕ್ಕೆ ಹೊರಡುವ ಬಾಲಕಿಗೆ ದೊಡ್ಡ ಕ್ಯಾಮರಾವನ್ನೂ ಮೂರು ನಾಲ್ಕು ಲೆನ್ಸುಗಳನ್ನೂ ಕೊಡಿಸದಿದ್ದರೆ ಒಳ್ಳೆಯ ಚಿತ್ರಗಳು ಬಾರವೆಂಬ ಭಾವನೆಯು ಕೆಲವು ಪೋಷಕರಲ್ಲಿ ಬೇರೂರುತ್ತಿದೆ. ಇದನ್ನು ನಾವು ಒಪ್ಪಲಾರೆವು.

1947-48ರಲ್ಲಿ ನಮ್ಮ ದೇಶದಲ್ಲಿ ಸಂಚರಿಸಿ ಗಾಂಧೀಜಿಯವರ ಅಂತ್ಯಯಾತ್ರೆಯನ್ನು ಚಿತ್ರಿಸಿದ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ ಅವರು ತಮ್ಮ ಜೀವಮಾನದ ಬಹುಭಾಗ ನೆಚ್ಚಿದ್ದು ಚಿಕ್ಕ ಲೈಕಾ ಕ್ಯಾಮರಾವನ್ನು ಮತ್ತು 50 ಮಿಲಿಮೀಟರಿನ ಲೆನ್ಸನ್ನು.

ನಮ್ಮ ಸೀಮೆಯನ್ನೇ ನೋಡಿರಿ. ತುರುವೇಕೆರೆಯ ಗಂಗಾಧರೇಶ್ವರ ದೇವಾಲಯದ ನುಣುಪಾದ ನಂದಿಗೆ ಬೇಕಾದುದು ಓರೆ ಬೆಳಕು. ಅದಕ್ಕಾಗಿ ಕಾಯಬೇಕಲ್ಲದೆ ಅದನ್ನು ಕೊಳ್ಳಲಾಗದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ ಛಾವಣಿಯ ನಟರಾಜನನ್ನು ಚಿತ್ರಿಸಲು ಕ್ಯಾಮರಾವನ್ನು ನೆಲದ ಮೇಲೆ ಮೇಲ್ಮೊಗವಾಗಿರಿಸಿ ಟೈಮರನ್ನು ಒತ್ತಿದರಾಯಿತು. ಮುಕ್ಕಾಲಿಯ ಹೊರೆ ಬೇಡ. ಚಿಕ್ಕನಾಯಕನಹಳ್ಳಿಯ ಕಡೆಯ ತೋಟದ ಮನೆಗಳಲ್ಲಿ ಕೊಬ್ಬರಿ ಬಿಡಿಸುವ ತಾಯಂದಿರು ಭಾರಿ ಯಂತ್ರವನ್ನು ಕಂಡು ಸಂಕೋಚಪಡುವರು. ಅನುಮತಿ ಕೇಳಿ, ನಾಲ್ಕು ಮಾತನಾಡಿ, ಚಿಕ್ಕ ಕ್ಯಾಮರಾ ಹಿಡಿದವಳಿಗೆ ಸಹಜವಾಗಿ ಮುಖ ತೋರುವರು.

ಆದುದರಿಂದ ಒಂದು ಕ್ಯಾಮರಾ, 35 ಅಥವಾ 50 ಮಿಲಿಮೀಟರಿನ ಒಂದು ಲೆನ್ಸು, ಮತ್ತೊಂದು ಬ್ಯಾಟರಿ, ಧೂಳೊರಸಲು ಮೆದು ಬಟ್ಟೆ: ಇಷ್ಟೇ ಸಾಕು. ಇವೂ ಇಲ್ಲವಾದರೆ ಮನೆಯ ಮೊಬೈಲು ಫೋನೇ ಆಗಬಹುದು. ಉಳಿದ ಹಣವು ಇನ್ನೊಬ್ಬ ಬಾಲಕಿಯ ಪ್ರವಾಸದ ವೆಚ್ಚಕ್ಕಾಗಲಿ. ಬೆಲೆಬಾಳುವ ಸಾಮಗ್ರಿಯಿಲ್ಲವೆಂದು ನಮ್ಮ ಹೆಣ್ಣುಮಕ್ಕಳಲ್ಲಿ ಒಬ್ಬಳಾದರೂ ಹಿಂದೆ ಸರಿದು ನಿಲ್ಲುವಂತಾಗಬಾರದೆಂದು ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ವಿಜ್ಞಾಪನೆ.